ನೂರೊಂದು ಕೀಲಿಗಳ ಕಥೆ, ಜೊತೆಗೆ ನನ್ನ ಕಿರುಬೆರಳಿನದ್ದೂ

ಸುಮಾರು ಎರಡು ತಿಂಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಸೋಮಾರಿತನ ಅಂತ ನೀವು ಅಂದುಕೊಂಡಿದ್ದರೆ ಅರ್ಧ ಸರಿ :-) ಇನ್ನರ್ಧ ಕಾರಣ ನನ್ನ ಎಡಗೈಯ ಕಿರುಬೆರಳು. ಮೊದಮೊದಲು ಸಂಜೆ ಹೊತ್ತಿಗೆ ಸಣ್ಣಗೆ ಸೆಳೆತ ಇತ್ತು. ಆಮೇಲೆ ಬೆಳಿಗ್ಗೆ ಎದ್ದಾಗಲೂ ನೋವು. ಕೊನೆಗೆ ಕಾಫಿ ಲೋಟ ಎತ್ತುವಾಗಲೂ ಮಣಿಕಟ್ಟಿನ ಹೊರ ಅಂಚಿನಲ್ಲಿ ಚುಳ್ ಅನ್ನೋದಕ್ಕೆ ಶುರುವಾಯಿತು. ಡಾಕ್ಟರು ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಏನು ಕೆಲಸ?" ಅಂದರು. ಹೇಳಿದೆ. "ಹೂಂ, ಗೊತ್ತಾಯ್ತು ಬಿಡಿ. ಸ್ವಲ್ಪ ದಿನ ಕೈಗೆ ವಿಶ್ರಾಂತಿ ಕೊಡಿ, ಒಳ್ಳೇ ಕೀಬೋರ್ಡ್ ತಗೊಳ್ಳಿ" ಅಂದರು.

ಒಳ್ಳೇ ಕೀಬೋರ್ಡ್ ಅಂದರೆ ಯಾವುದು? ಅಂಗಡಿಗೆ ಹೋದೆ. ಕೆಂಪು ದೀಪದ್ದು, ನೀಲಿ ದೀಪದ್ದು, ಕಾಮನಬಿಲ್ಲಿನ ಹಾಗೆ ಬಣ್ಣ ಬದಲಿಸುವುದು, ಎಲ್ಲಾ ತೋರಿಸಿದರು. ಕೈಗೆ ಯಾವುದು ಹಿತ ಅಂತ ಕೇಳಿದರೆ ಮಾತ್ರ ಅಂಗಡಿಯವರು "ಎಲ್ಲಾ ಒಂದೇ ಸಾರ್" ಅಂದುಬಿಟ್ಟರು. ಬರಿಗೈಲಿ ಮನೆಗೆ ಬಂದೆ. ಟೈಪ್ ಮಾಡೋ ಹಾಗಿಲ್ಲ, ಓದಬಹುದಲ್ಲ? ಕೀಲಿಮಣೆಯ ಇತಿಹಾಸ ಓದುತ್ತಾ ಕೂತೆ. ಈ ಹಲಗೆಯ ಮೇಲೆ ಒಂದೊಂದು ಕೀಲಿ ಒಂದೊಂದು ಜಾಗದಲ್ಲಿ ಕೂತಿರುವುದಕ್ಕೂ ಒಂದೊಂದು ಕಾರಣ ಇದೆ. ಆದರೆ ಅರ್ಧಕ್ಕರ್ಧ ಕಾರಣಗಳು ಸತ್ತು ನೂರು ವರ್ಷದ ಮೇಲಾಗಿದೆ. ಕಾರಣ ಸತ್ತರೂ ಕೀಲಿ ಅಲ್ಲೇ ಕೂತಿದೆ!

ಓದಿದ್ದನ್ನೆಲ್ಲ ನಿಮ್ಮ ತಲೆಗೂ ಹಾಕೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ಮಿಲ್ವಾಕಿಯ ಪಿಯಾನೋ

ಕಥೆ ಶುರುವಾಗುವುದು ಅಮೆರಿಕಾದ ಮಿಲ್ವಾಕಿಯಲ್ಲಿ. ಕ್ರಿಸ್ಟೋಫರ್ ಲ್ಯಾಥಮ್ ಶೋಲ್ಸ್ ಅನ್ನುವವನು ಪತ್ರಿಕೆ, ಮುದ್ರಣ, ರಾಜಕೀಯ ಎಲ್ಲದರಲ್ಲೂ ಕೈಯಾಡಿಸಿದ್ದ ಮನುಷ್ಯ. ಕಾರ್ಲೋಸ್ ಗ್ಲಿಡನ್ ಮತ್ತು ಸ್ಯಾಮ್ಯುಯೆಲ್ ಸೂಲೆ ಜೊತೆ ಸೇರಿ ಅವನು 1868ರ ಜೂನ್‌ನಲ್ಲಿ ಬರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಆ ಪೇಟೆಂಟ್‌ನ ಚಿತ್ರ ನೋಡಿದರೆ ನಗು ಬರುತ್ತೆ. ಕೀಲಿಗಳು ಥೇಟ್ ಪಿಯಾನೋ ಮನೆಗಳ ಹಾಗಿವೆ. ಬೆರಳಿನಿಂದ ಒತ್ತುವ ಯಂತ್ರ ಅಂದರೆ ಆಗಿನವರಿಗೆ ಪಿಯಾನೋ ಬಿಟ್ಟು ಬೇರೆ ಹೊಳೆಯಲಿಲ್ಲವೋ ಏನೋ.

ಐದಾರು ವರ್ಷ ಕೆಡವಿ ಕಟ್ಟಿ ಮಾಡಿದ ಮೇಲೆ ಯಂತ್ರದ ಹಕ್ಕು ರೆಮಿಂಗ್ಟನ್ ಕಂಪನಿಯ ಕೈ ಸೇರಿತು. ರೆಮಿಂಗ್ಟನ್‌ನವರು ಮಾಡುತ್ತಿದ್ದದ್ದು ಬಂದೂಕು ಮತ್ತು ಹೊಲಿಗೆ ಯಂತ್ರ. 1874ರಲ್ಲಿ ಮಾರುಕಟ್ಟೆಗೆ ಬಂದ ಶೋಲ್ಸ್-ಗ್ಲಿಡನ್ ಟೈಪ್‌ರೈಟರ್ ಕೂಡ ಹೊಲಿಗೆ ಯಂತ್ರದ ತಮ್ಮನ ಹಾಗೇ ಇತ್ತು: ಮೈಮೇಲೆ ಹೂವಿನ ಚಿತ್ತಾರ, ಹೊಸ ಸಾಲಿಗೆ ಹೋಗಲು ಕಾಲಲ್ಲಿ ತುಳಿಯುವ ಪೆಡಲ್. ಬರೀ ದೊಡ್ಡಕ್ಷರಗಳು. ಸಣ್ಣಕ್ಷರ ಇರಲೇ ಇಲ್ಲ.

ಮೇಲಿನ ಸಾಲಿನಲ್ಲಿ ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ ಅನ್ನುವ ನಮ್ಮ 'ಕ್ವರ್ಟಿ' ಕ್ರಮ ರೂಪುಗೊಂಡಿದ್ದು ಇದೇ ದಿನಗಳಲ್ಲಿ. ಇಂಜಿನಿಯರಿಂಗ್ ಓದುವಾಗ ನಮಗೆಲ್ಲ ಒಂದು ಕಥೆ ಹೇಳುತ್ತಿದ್ದರು, ನೆನಪಿದೆಯಾ? ಬೇಗ ಟೈಪ್ ಮಾಡಿದರೆ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತಿದ್ದವು, ಅದಕ್ಕೇ ಬೇಕಂತಲೇ ನಿಧಾನ ಆಗುವ ಹಾಗೆ ಅಕ್ಷರಗಳನ್ನು ಚೆಲ್ಲಾಪಿಲ್ಲಿ ಮಾಡಿದರು ಅಂತ. ನಾನೂ ಇದನ್ನು ಎಷ್ಟೋ ಜನಕ್ಕೆ ಹೇಳಿ ಜಾಣ ಅನ್ನಿಸಿಕೊಂಡಿದ್ದೇನೆ. ಆದರೆ ಸ್ವಲ್ಪ ಯೋಚಿಸಿ. ಇಂಗ್ಲಿಷಿನಲ್ಲಿ 'ಇ' ಮತ್ತು 'ಆರ್' ಜೊತೆಜೊತೆಗೆ ಬರುವುದು ತೀರಾ ಸಾಮಾನ್ಯ. ನಿಧಾನ ಮಾಡುವುದೇ ಉದ್ದೇಶವಾಗಿದ್ದರೆ ಅವೆರಡನ್ನೂ ಅಕ್ಕಪಕ್ಕ ಯಾಕೆ ಕೂರಿಸುತ್ತಿದ್ದರು? 2011ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಕೊಯಿಚಿ ಯಾಸುಓಕಾ ಮತ್ತು ಮೊಟೊಕೊ ಯಾಸುಓಕಾ ಇನ್ನೊಂದು ವಾದ ಮುಂದಿಟ್ಟರು. ಈ ಯಂತ್ರದ ಮೊದಮೊದಲ ಬಳಕೆದಾರರಲ್ಲಿ ಟೆಲಿಗ್ರಾಫ್ ಕಚೇರಿಯವರು ಇದ್ದರು. ಕಟ್ಟಕಡ ಸದ್ದು ಕೇಳಿ ತಕ್ಷಣ ಅಕ್ಷರ ಒತ್ತಬೇಕಾದವರು ಅವರು. ಅಮೆರಿಕಾದ ಆಗಿನ ಮೋರ್ಸ್ ಸಂಕೇತದಲ್ಲಿ 'ಝಡ್' ಮತ್ತು 'ಎಸ್-ಇ' ಜೋಡಿ ಕಿವಿಗೆ ಹೆಚ್ಚುಕಡಿಮೆ ಒಂದೇ ಥರ. ಮುಂದಿನ ಅಕ್ಷರ ಬರುವವರೆಗೆ ಯಾವುದು ಅಂತ ಗೊತ್ತಾಗುವುದಿಲ್ಲ. ಹಾಗಾಗಿ 'ಎಸ್' ಇವೆರಡಕ್ಕೂ ಹತ್ತಿರ ಇದ್ದರೆ ಅನುಕೂಲ. ನಿಮ್ಮ ಕೀಬೋರ್ಡ್ ನೋಡಿ, 'ಎಸ್' ಎಲ್ಲಿದೆ? ಮೇಲೆ 'ಇ', ಕೆಳಗೆ 'ಝಡ್'!

ಇದೇ ಪೂರ್ಣ ಸತ್ಯ ಅಂತ ನಾನೇನೂ ಆಣೆ ಮಾಡುವುದಿಲ್ಲ. ಆದರೆ ಯಾವುದೋ ತಂತಿ ಮಾಸ್ತರನ ಅನುಕೂಲಕ್ಕೆ ಆದ ಏರ್ಪಾಡು ಇವತ್ತು ನಮ್ಮ ಬೆರಳಡಿ ಇರಬಹುದು ಅನ್ನುವುದೇ ನನಗೆ ಮಜಾ ಅನ್ನಿಸಿತು.

ಇನ್ನೊಂದು ಗಮನಿಸಿ. ಕೀಲಿಗಳ ಸಾಲುಗಳು ಒಂದರ ಕೆಳಗೊಂದು ನೇರ ಇಲ್ಲ, ಓರೆಯಾಗಿ ಜರುಗಿಕೊಂಡಿವೆ. ಕೈಗೆ ಅನುಕೂಲ ಅಂತ ಮಾಡಿದ್ದಲ್ಲ ಅದು. ಪ್ರತಿ ಕೀಲಿಯ ಕೆಳಗಿಂದ ಒಂದೊಂದು ಸನ್ನೆಕಡ್ಡಿ ಹಿಂದಕ್ಕೆ ಹೋಗಬೇಕಿತ್ತು. ಒಂದರ ದಾರಿಗೆ ಇನ್ನೊಂದು ಅಡ್ಡ ಬರಬಾರದು ಅಂತ ಸಾಲುಗಳನ್ನು ಜರುಗಿಸಿದರು. ಸನ್ನೆಕಡ್ಡಿ ಹೋಗಿ ಯಾವ ಕಾಲವಾಯಿತು. ಓರೆ ಮಾತ್ರ ಉಳಿದಿದೆ. ಎಡಗೈ ಮಣಿಕಟ್ಟನ್ನು ಹೊರಕ್ಕೆ ಬಾಗಿಸಿ ಕೂರುವುದು ಅದರ ಬಾಡಿಗೆ.

ಶಿಫ್ಟ್ ಅಂದರೆ ನಿಜವಾಗಿ ಜರುಗುವುದು

1878ರಲ್ಲಿ ರೆಮಿಂಗ್ಟನ್ 2 ಬಂತು. ಸಣ್ಣಕ್ಷರ, ದೊಡ್ಡಕ್ಷರ ಎರಡೂ ಇದ್ದ ಯಂತ್ರ. ಪ್ರತಿ ಕಡ್ಡಿಯ ತುದಿಯಲ್ಲಿ ಎರಡೆರಡು ಅಚ್ಚು. ಯಾವುದು ಬೀಳಬೇಕು ಅಂತ ನಿರ್ಧರಿಸಲು ಕಾಗದ ಸುತ್ತಿದ ಉರುಳೆಯನ್ನೇ ಜರುಗಿಸುವ ಕೀಲಿ. ಅದೇ ಶಿಫ್ಟ್. ಹೆಸರಿನಲ್ಲೇ ಕೆಲಸ ಇದೆ. ಇಡೀ ಉರುಳೆ ಜರುಗಬೇಕು ಅಂದರೆ ಭಾರ ಜಾಸ್ತಿ. ಆ ಭಾರ ಬಿದ್ದಿದ್ದು ಯಾರ ಮೇಲೆ? ಹತ್ತು ಬೆರಳಲ್ಲಿ ಅತ್ಯಂತ ಬಡಪಾಯಿಯಾದ ಕಿರುಬೆರಳ ಮೇಲೆ!

ಶಿಫ್ಟ್ ಬೇಡ ಅಂದವರೂ ಇದ್ದರು. ಕ್ಯಾಲಿಗ್ರಾಫ್ ಅನ್ನುವ ಯಂತ್ರದಲ್ಲಿ ಸಣ್ಣಕ್ಷರಕ್ಕೆ ಒಂದು ಕೀಲಿ, ದೊಡ್ಡಕ್ಷರಕ್ಕೆ ಇನ್ನೊಂದು. ಯಾವುದು ಮೇಲು ಅಂತ ದೊಡ್ಡ ಜಗಳ. 1888ರ ಜುಲೈ 25ರಂದು ಸಿನ್ಸಿನಾಟಿಯಲ್ಲಿ ಪಂದ್ಯವೇ ನಡೆಯಿತು. ಒಂದು ಕಡೆ ಕ್ಯಾಲಿಗ್ರಾಫ್ ಹಿಡಿದ ಲೂಯಿಸ್ ಟ್ರಾಬ್. ಇನ್ನೊಂದು ಕಡೆ ರೆಮಿಂಗ್ಟನ್ ಹಿಡಿದ ಸಾಲ್ಟ್ ಲೇಕ್ ಸಿಟಿಯ ಶೀಘ್ರಲಿಪಿಕಾರ ಫ್ರಾಂಕ್ ಮೆಕ್‌ಗರಿನ್. ಮೆಕ್‌ಗರಿನ್ ಕೀಲಿಗಳ ಜಾಗವನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಕಣ್ಣನ್ನು ಕಾಗದದ ಮೇಲಿಟ್ಟು, ಎಲ್ಲಾ ಬೆರಳು ಬಳಸಿ ಕುಟ್ಟುತ್ತಿದ್ದ. ಸಲೀಸಾಗಿ ಗೆದ್ದ. ಗೆದ್ದದ್ದು ಯಂತ್ರಕ್ಕಿಂತ ಹೆಚ್ಚಾಗಿ ಆ ವಿಧಾನ. ಆದರೆ ಹೆಸರು ಬಂದಿದ್ದು ಇಬ್ಬರಿಗೂ. ನೋಡದೆ ಟೈಪ್ ಮಾಡುವುದನ್ನು ಕಲಿಸುವ ಶಾಲೆಗಳು ಬೆಳೆದವು, ಕಲಿಸಿದ್ದು ಕ್ವರ್ಟಿ. ಕಲಿತವರಿಗಾಗಿ ಯಂತ್ರ, ಯಂತ್ರಕ್ಕಾಗಿ ಕಲಿಯುವವರು. ಚಕ್ರ ಸುತ್ತಲು ಶುರುವಾಯಿತು.

ಈ ಚಕ್ರ ಮುರಿಯಲು ಆಗಸ್ಟ್ ಡ್ವೋರಾಕ್ ಪ್ರಯತ್ನಿಸಿದ. ಹೆಚ್ಚು ಬಳಸುವ ಅಕ್ಷರಗಳು ಮಧ್ಯದ ಸಾಲಿನಲ್ಲೇ ಇರಬೇಕು, ಎರಡೂ ಕೈ ಸರದಿಯಲ್ಲಿ ಕೆಲಸ ಮಾಡಬೇಕು ಅನ್ನುವುದು ಅವನ ಲೆಕ್ಕ. 1936ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ 1956ರಲ್ಲಿ ಅಮೆರಿಕಾ ಸರ್ಕಾರಕ್ಕಾಗಿ ಅರ್ಲ್ ಸ್ಟ್ರಾಂಗ್ ನಡೆಸಿದ ಪರೀಕ್ಷೆಯಲ್ಲಿ, ಕ್ವರ್ಟಿ ಗೊತ್ತಿರುವವರಿಗೆ ಮತ್ತೆ ಡ್ವೋರಾಕ್ ಕಲಿಸುವ ಖರ್ಚು ಗಿಟ್ಟುವುದಿಲ್ಲ ಅಂತ ಬಂತು. ಅರ್ಥಶಾಸ್ತ್ರಜ್ಞರು ಈಗಲೂ ಈ ವಿಷಯ ಬಿಟ್ಟಿಲ್ಲ. 1985ರಲ್ಲಿ ಪಾಲ್ ಡೇವಿಡ್, ಕೆಟ್ಟ ವ್ಯವಸ್ಥೆಯೂ ಹೇಗೆ ಬೇರು ಬಿಡುತ್ತದೆ ಅನ್ನುವುದಕ್ಕೆ ಕ್ವರ್ಟಿಯನ್ನೇ ಉದಾಹರಣೆ ಕೊಟ್ಟ. 1990ರಲ್ಲಿ ಲೀಬೊವಿಟ್ಜ್ ಮತ್ತು ಮಾರ್ಗೊಲಿಸ್, ಅದು ಅಷ್ಟೇನೂ ಕೆಟ್ಟದ್ದಲ್ಲ ಮಾರಾಯರೇ ಅಂತ ತಿರುಗೇಟು ಕೊಟ್ಟರು.

ನಮ್ಮಲ್ಲೂ ಟೈಪಿಂಗ್ ಅಂದರೆ ಒಂದು ಕಾಲ ಇತ್ತು. 1955ರಲ್ಲಿ ಗೋದ್ರೆಜ್ ದೇಶದಲ್ಲೇ ಟೈಪ್‌ರೈಟರ್ ಮಾಡಲು ಶುರು ಮಾಡಿತು. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಜೂನಿಯರ್, ಸೀನಿಯರ್ ಅಂತ ಪರೀಕ್ಷೆ ಕಟ್ಟುವುದು, ತಾಲೂಕು ಊರಿನ ಮಹಡಿಯ ಮೇಲಿನ ಇನ್‌ಸ್ಟಿಟ್ಯೂಟಿನಿಂದ ಸಂಜೆ ಹೊತ್ತು ಆಲಿಕಲ್ಲು ಮಳೆ ಥರ ಸದ್ದು ಬರುವುದು, ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ನಮ್ಮ ದೊಡ್ಡಮ್ಮ ಹಾಗೆ ಸೀನಿಯರ್ ಪಾಸು ಮಾಡಿ ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿ ರಿಟೈರ್ ಆದವರು. ದೊಡ್ಡಮ್ಮನ ವಿಷಯಕ್ಕೆ ಆಮೇಲೆ ಬರ್ತೀನಿ, ಮರೀಬೇಡಿ.

ಎಂಬತ್ತಮೂರರಿಂದ ನೂರೊಂದಕ್ಕೆ

ಈಗ ಕಂಪ್ಯೂಟರ್ ಕಾಲಕ್ಕೆ ಜಿಗಿಯೋಣ. 1981ರ ಆಗಸ್ಟ್‌ನಲ್ಲಿ ಐಬಿಎಂ ಪಿಸಿ ಬಂತು. ಅದರ ಕೀಲಿಮಣೆಯಲ್ಲಿ 83 ಕೀಲಿ. ಒತ್ತಿದಾಗ ಆಗುವ ಅನುಭವ ಅದ್ಭುತ ಅಂತ ಎಲ್ಲರೂ ಹೊಗಳಿದರು. ಒಳಗೆ ಪ್ರತಿ ಕೀಲಿಗೂ ಒಂದು ಸ್ಪ್ರಿಂಗ್. ಒತ್ತುತ್ತಾ ಹೋದಂತೆ ಒಂದು ಹಂತದಲ್ಲಿ ಆ ಸ್ಪ್ರಿಂಗ್ ಥಟ್ಟನೆ ಪಕ್ಕಕ್ಕೆ ಬಾಗಿ ಕೆಳಗಿನ ಸಣ್ಣ ತಟ್ಟೆಗೆ ಬಡಿಯುತ್ತದೆ. ಟಕ್ ಅನ್ನುತ್ತದೆ, ಅದೇ ಕ್ಷಣ ಅಕ್ಷರವೂ ದಾಖಲಾಗುತ್ತದೆ. ಅಂದರೆ ಅಕ್ಷರ ಬಿತ್ತು ಅಂತ ಬೆರಳಿಗೆ, ಕಿವಿಗೆ ಒಟ್ಟಿಗೆ ಗೊತ್ತಾಗುತ್ತದೆ. ಟೈಪ್‌ರೈಟರ್ ಬಿಟ್ಟು ಬಂದವರಿಗೆ ಇದು ಎಷ್ಟು ಸಮಾಧಾನ ಕೊಟ್ಟಿರಬೇಕು ನೋಡಿ.

ಆದರೆ ಕೀಲಿ ಜೋಡಿಸಿದ ರೀತಿಗೆ ಮಾತ್ರ ಸಿಕ್ಕಾಪಟ್ಟೆ ಬೈಗುಳ. ಎಂಟರ್ ಕೀಲಿ ಕಿರಿದು. ಬಾಣದ ಕೀಲಿಗಳು ಪ್ರತ್ಯೇಕ ಇರಲಿಲ್ಲ, ಅಂಕಿಗಳ ಮೇಲೇ ಸವಾರಿ. ಎಲ್ಲಕ್ಕಿಂತ ದೊಡ್ಡ ದೂರು ಎಡಗಡೆ ಶಿಫ್ಟ್ ಬಗ್ಗೆ. ಶಿಫ್ಟನ್ನು ಗಿಡ್ಡ ಮಾಡಿ, ಅದಕ್ಕೂ 'ಝಡ್'ಗೂ ನಡುವೆ ಬ್ಯಾಕ್‌ಸ್ಲ್ಯಾಶ್ ಕೀಲಿಯನ್ನು ತುರುಕಿದ್ದರು. ಶಿಫ್ಟ್ ಒತ್ತಲು ಹೋದ ಕಿರುಬೆರಳು ಬ್ಯಾಕ್‌ಸ್ಲ್ಯಾಶ್ ಮೇಲೆ ಬೀಳುತ್ತಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಐಬಿಎಂ ಒಂದು ಸಲ ಪೂರ್ತಿ ಎಡವಿಯೂ ಬಿತ್ತು. 1983ರ ಕೊನೆಯಲ್ಲಿ ಘೋಷಿಸಿದ ಪಿಸಿ ಜೂನಿಯರ್‌ಗೆ ಚ್ಯೂಯಿಂಗ್ ಗಮ್ ತುಂಡಿನಂಥ ಪುಟ್ಟ ಪುಟ್ಟ ಕೀಲಿಗಳ ಹಲಗೆ ಕೊಟ್ಟರು. ಜನ ನಕ್ಕಿದ್ದೇ ನಕ್ಕಿದ್ದು. 1984ರಲ್ಲಿ ಕೊಂಡವರಿಗೆಲ್ಲ ಬೇರೆ ಕೀಬೋರ್ಡನ್ನು ಪುಕ್ಕಟೆ ಕೊಡಬೇಕಾಯಿತು. ಒಂದು ಕಂಪ್ಯೂಟರನ್ನು ಸೋಲಿಸಲು ಕೆಟ್ಟ ಕೀಬೋರ್ಡ್ ಸಾಕು ಅಂತ ಅವತ್ತೇ ಗೊತ್ತಾಗಿಹೋಯಿತು.

ಅದೇ 1984ರಲ್ಲಿ ಬಂದ ಪಿಸಿ ಎಟಿಯಲ್ಲಿ ಐಬಿಎಂ ತಪ್ಪು ತಿದ್ದಿಕೊಂಡು ಎಡ ಶಿಫ್ಟನ್ನೂ ಎಂಟರನ್ನೂ ದೊಡ್ಡದು ಮಾಡಿತು. ಅಷ್ಟರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1982ರಲ್ಲಿ ಎಲ್‌ಕೆ 201 ಅನ್ನುವ ಕೀಲಿಮಣೆ ತಂದಿತ್ತು. ತೆಳ್ಳಗಿನ ಹಲಗೆ. ಎಡಗಡೆ ಅಕ್ಷರಗಳು, ಬಲತುದಿಯಲ್ಲಿ ಅಂಕಿಗಳು, ನಡುವೆ ತಲೆಕೆಳಗಾದ 'ಟಿ' ಆಕಾರದಲ್ಲಿ ನಾಲ್ಕು ಬಾಣ, ಅದರ ಮೇಲೆ ಆರು ಕೀಲಿಗಳ ಗುಂಪು. ಎಲ್ಲೋ ನೋಡಿದ ಹಾಗಿದೆಯಲ್ಲ? ಹೌದು, ನಿಮ್ಮ ಮೇಜಿನ ಮೇಲೇ ಇದೆ! ಐಬಿಎಂನ 101 ಕೀಲಿಗಳ ಹೊಸ ಹಲಗೆಯಲ್ಲಿ ಇದೇ ಏರ್ಪಾಡು ಕಾಣಿಸಿತು. 1985-86ರ ಹೊತ್ತಿಗೆ ಬಂದ ಅದನ್ನು ಅಭಿಮಾನಿಗಳು 'ಮಾಡೆಲ್ ಎಂ' ಅಂತ ಪ್ರೀತಿಯಿಂದ ಕರೆಯುತ್ತಾರೆ. ಎಡಗಡೆ ಇದ್ದ ಹತ್ತು ಫಂಕ್ಷನ್ ಕೀಲಿಗಳು ಹನ್ನೆರಡಾಗಿ ಮೇಲಿನ ಸಾಲಿಗೆ ಹೋದವು. ಇವತ್ತು ಅಂಗಡಿಯಲ್ಲಿ 'ಫುಲ್ ಸೈಜ್' ಅಂತ ಕೊಡುವುದು ಈ 101ನ್ನೇ. 1990ರ ದಶಕದ ನಡುವೆ ಸೇರಿದ ಎರಡು ವಿಂಡೋಸ್ ಕೀಲಿ, ಒಂದು ಮೆನು ಕೀಲಿ ಸೇರಿ 104.

ಪ್ರೋಗ್ರಾಮರ್‌ಗಳಿಗೆ ಮಾತ್ರ ಒಂದು ಏಟು ಬಿತ್ತು. ಹಿಂದಿನ ಪಿಸಿಗಳಲ್ಲಿ ಕಂಟ್ರೋಲ್ ಕೀಲಿ 'ಎ' ಪಕ್ಕದಲ್ಲಿತ್ತು. 101ರಲ್ಲಿ ಆ ರಾಜಮರ್ಯಾದೆಯ ಜಾಗಕ್ಕೆ ಕ್ಯಾಪ್ಸ್ ಲಾಕ್ ಬಂದು ಕೂತಿತು, ಕಂಟ್ರೋಲ್ ಕೆಳಗಿನ ಮೂಲೆ ಸೇರಿತು. ದಿನಕ್ಕೆ ನೂರಾರು ಸಲ ಒತ್ತುವ ಕೀಲಿ ಮೂಲೆಯಲ್ಲಿ, ವರ್ಷಕ್ಕೊಮ್ಮೆ ಬೇಕಾಗುವುದು ಬೆರಳ ಬುಡದಲ್ಲಿ. ಭಾರ ಮತ್ತೆ ಯಾರ ಮೇಲೆ? ಅದೇ ಬಡಪಾಯಿ ಎಡ ಕಿರುಬೆರಳ ಮೇಲೆ.

ಇದೇ ಥರದ ಇನ್ನೊಂದು ಪಳೆಯುಳಿಕೆ ಹೇಳಿಬಿಡ್ತೀನಿ. 'ವಿಐ' ಎಡಿಟರಿನಲ್ಲಿ ಓಡಾಡಲು ಎಚ್, ಜೆ, ಕೆ, ಎಲ್ ಯಾಕೆ ಅಂತ ಕಾಲೇಜಿನಲ್ಲಿ ತಲೆ ಕೆರೆದುಕೊಂಡವರೇ ನಾವೆಲ್ಲ. ಬಿಲ್ ಜಾಯ್ ಅದನ್ನು ಬರೆದದ್ದು ಎಡಿಎಂ-3ಎ ಅನ್ನುವ ಟರ್ಮಿನಲ್ ಮೇಲೆ. ಅದರಲ್ಲಿ ಬಾಣದ ಗುರುತುಗಳು ಆ ನಾಲ್ಕು ಕೀಲಿಗಳ ಮೇಲೇ ಇದ್ದವು! ಯುನಿಕ್ಸಿನಲ್ಲಿ ಹೋಮ್ ಡೈರೆಕ್ಟರಿಗೆ ಬಳಸುವ ಅಲೆಯಂಥ ಗುರುತೂ ಅದರ 'ಹೋಮ್' ಕೀಲಿಯ ಮೇಲೇ ಇತ್ತು. ಟರ್ಮಿನಲ್ ಮ್ಯೂಸಿಯಂ ಸೇರಿತು, ಅಭ್ಯಾಸ ನಮ್ಮ ಕೈ ಸೇರಿತು.

ಟಕ್ ಸದ್ದು ಎಲ್ಲಿ ಹೋಯಿತು?

ಮಾಡೆಲ್ ಎಂ ಅಷ್ಟು ಚೆನ್ನಾಗಿದ್ದರೆ ಎಲ್ಲರ ಮೇಜಿನ ಮೇಲೂ ಅದೇ ಯಾಕಿಲ್ಲ? ದುಡ್ಡು ಸ್ವಾಮಿ, ದುಡ್ಡು. ಎರಡು ಕೇಜಿಗೂ ಮೇಲೆ ತೂಗುವ, ನೂರೊಂದು ಸ್ಪ್ರಿಂಗ್ ಇರುವ ವಸ್ತು ಅಗ್ಗವಾಗುವುದಿಲ್ಲ. 1990ರ ದಶಕದಲ್ಲಿ ಪಿಸಿಯ ಬೆಲೆ ಇಳಿಯುತ್ತಾ ಹೋದಂತೆ ಕೀಬೋರ್ಡ್ 'ಜೊತೆಗೆ ಕೊಡುವ' ಸಾಮಾನಾಯಿತು. ಸ್ಪ್ರಿಂಗ್ ಜಾಗಕ್ಕೆ ರಬ್ಬರಿನ ಪುಟ್ಟ ಗುಮ್ಮಟಗಳ ಹಾಳೆ ಬಂತು. ಅಗ್ಗ, ಸದ್ದಿಲ್ಲ, ಚಹಾ ಚೆಲ್ಲಿದರೂ ತಡೆಯುತ್ತೆ. ತೊಂದರೆ ಒಂದೇ, ಅಕ್ಷರ ಬೀಳುವುದು ಹೆಚ್ಚುಕಡಿಮೆ ಕೀಲಿ ತಳ ಮುಟ್ಟಿದ ಮೇಲೆ. ಹಾಗಾಗಿ ಪ್ರತಿ ಅಕ್ಷರಕ್ಕೂ ಬೆರಳು ತಳಕ್ಕೆ ಗುದ್ದಬೇಕು. ರಬ್ಬರ್ ಹಳೆಯದಾಗಿ ಬಿಗಿದುಕೊಂಡರಂತೂ ಕೇಳಲೇಬೇಡಿ.

1991ರಲ್ಲಿ ಐಬಿಎಂ ತನ್ನ ಕೀಬೋರ್ಡ್, ಪ್ರಿಂಟರ್ ವಿಭಾಗವನ್ನು ಬೇರೆ ಮಾಡಿತು. ಅದೇ ಲೆಕ್ಸ್‌ಮಾರ್ಕ್. ಲೆಕ್ಸ್‌ಮಾರ್ಕ್ 1996ರಲ್ಲಿ ಕೀಬೋರ್ಡ್ ಕೈಬಿಟ್ಟಾಗ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಯುನಿಕಾಂಪ್ ಅನ್ನುವ ಸಣ್ಣ ಕಂಪನಿ ಆ ಅಚ್ಚುಗಳನ್ನು ಕೊಂಡು ಬಾಗುವ ಸ್ಪ್ರಿಂಗಿನ ಹಲಗೆಗಳನ್ನು ಮಾಡುತ್ತಾ ಬಂತು. ಇನ್ನೊಂದು ಕಡೆ ಚೆರಿ ಕಂಪನಿ 1980ರ ದಶಕದಲ್ಲೇ ತಂದಿದ್ದ 'ಎಂಎಕ್ಸ್' ಸ್ವಿಚ್‌ಗಳು 2010ರ ನಂತರ ಮತ್ತೆ ಚಾಲ್ತಿಗೆ ಬಂದವು. ಅವುಗಳ ಪೇಟೆಂಟ್ ಅವಧಿ ಮುಗಿದ ಮೇಲೆ ಬೇರೆ ಕಂಪನಿಗಳೂ ಅದೇ ಮಾದರಿಯವು ಮಾಡತೊಡಗಿದವು. ಈಗ ಅಂಗಡಿಯಲ್ಲಿ 'ಮೆಕ್ಯಾನಿಕಲ್' ಅಂತ ಸಿಗುವುದು ಬಹುಪಾಲು ಈ ವಂಶದ್ದೇ. ಇವುಗಳಲ್ಲಿ ಕೀಲಿ ಸುಮಾರು 4 ಮಿಲಿಮೀಟರ್ ಇಳಿಯುತ್ತೆ, ಅಕ್ಷರ ಮಾತ್ರ 2 ಮಿಲಿಮೀಟರಿಗೇ ಬೀಳುತ್ತೆ. ತಳಕ್ಕೆ ಗುದ್ದುವ ಅಗತ್ಯ ಇಲ್ಲ. ನೀಲಿ ಬಣ್ಣದ್ದು ಟಕಟಕ ಸದ್ದಿನದು, ಕಂದು ಬಣ್ಣದ್ದು ಸದ್ದಿಲ್ಲದೆ ಸಣ್ಣ ಉಬ್ಬು ತಿಳಿಸುವುದು, ಕೆಂಪು ಸರಾಗವಾಗಿ ಇಳಿಯುವುದು, ಕಪ್ಪು ಅದೇ ಥರ ಆದರೆ ಬಿಗಿ. ಆಫೀಸಿಗೆ ನೀಲಿ ತಗೊಂಡು ಹೋದರೆ ಪಕ್ಕದ ಸೀಟಿನವರ ಜೊತೆ ಮಾತು ಬಿಡಬೇಕಾಗುತ್ತೆ, ಎಚ್ಚರ :-)

ಆಕಾರದ ಬಗ್ಗೆಯೂ ತಲೆ ಕೆಡಿಸಿಕೊಂಡವರಿದ್ದರು. 1926ರಷ್ಟು ಹಿಂದೆಯೇ ಜರ್ಮನಿಯ ಕ್ಲೋಕೆನ್‌ಬರ್ಗ್, ಹಲಗೆಯನ್ನು ಎರಡು ಭಾಗ ಮಾಡಿ ಮಣಿಕಟ್ಟು ನೇರ ಇರುವ ಹಾಗೆ ಮಾಡಬೇಕು ಅಂದಿದ್ದ. 1972ರಲ್ಲಿ ಕ್ರೋಮರ್ ಅದನ್ನೇ ಪ್ರಯೋಗ ಮಾಡಿ ನೋಡಿದ. 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಕೀಬೋರ್ಡ್ ಕೆಲಸದವರ ಕೈನೋವು ದೇಶವ್ಯಾಪಿ ಸುದ್ದಿಯಾಯಿತು. 1994ರಲ್ಲಿ ಮೈಕ್ರೋಸಾಫ್ಟ್ ನ್ಯಾಚುರಲ್ ಕೀಬೋರ್ಡ್ ಬಂದಾಗ ಈ ಸೀಳಿದ ಆಕಾರ ಮೊದಲ ಬಾರಿಗೆ ಸಾಮಾನ್ಯ ಜನರ ಮೇಜಿಗೆ ಬಂತು. ಕ್ಲೋಕೆನ್‌ಬರ್ಗ್ ಹೇಳಿ ಅಷ್ಟೊತ್ತಿಗೆ 68 ವರ್ಷ!

ಈಗ ನನ್ನ ಕಿರುಬೆರಳು

ಇಷ್ಟೆಲ್ಲ ಓದಿದ ಮೇಲೆ ನನ್ನ ಕೀಬೋರ್ಡನ್ನು ಒಂದು ಸಲ ಸರಿಯಾಗಿ ನೋಡಿದೆ. ಅದು ಇಂಗ್ಲೆಂಡಿನಿಂದ ಬಂದ ಚಿಕ್ಕಪ್ಪನ ಮಗ ಪ್ರೀತಿಯಿಂದ ಕೊಟ್ಟದ್ದು. ಬ್ರಿಟಿಷ್ ಮಾದರಿ. ಎಡ ಶಿಫ್ಟ್ ಗಿಡ್ಡ, ಪಕ್ಕದಲ್ಲಿ ಒಂದು ಹೆಚ್ಚುವರಿ ಕೀಲಿ. ಯಾವುದು ಹೇಳಿ? ಬ್ಯಾಕ್‌ಸ್ಲ್ಯಾಶ್! 1981ರಲ್ಲಿ ಜನ ಯಾವುದಕ್ಕೆ ಐಬಿಎಂಗೆ ಬೈದಿದ್ದರೋ, ಅದೇ ಕೀಲಿ ಅದೇ ಜಾಗದಲ್ಲಿ ನನ್ನ ಮೇಜಿನ ಮೇಲೆ ಕೂತಿತ್ತು. ನನ್ನ ಬರಹಗಳಲ್ಲಿ ಅಲ್ಲಲ್ಲಿ ಪದಗಳ ಮಧ್ಯೆ ಓರೆಗೀಟು ಬರುತ್ತಿತ್ತಲ್ಲ, ಅದು ಯಾಕೆ ಅಂತ ಈಗ ಗೊತ್ತಾಯಿತು.

ಆದರೆ ಆಫೀಸಿನ ಕೀಬೋರ್ಡಿನಲ್ಲಿ ಶಿಫ್ಟ್ ಉದ್ದವೇ ಇದೆ. ದಿನಾ ಎಂಟು ಗಂಟೆ ಅಲ್ಲೇ ಕುಟ್ಟಿದರೂ ಇಷ್ಟು ನೋವು ಬಂದಿರಲಿಲ್ಲ. ರಾತ್ರಿ ಮನೆಯಲ್ಲಿ ಒಂದೆರಡು ಗಂಟೆ ಮಾಡುತ್ತಿದ್ದ ಕೆಲಸದಲ್ಲಿ ಅಂಥದ್ದೇನಿತ್ತು?

ಕನ್ನಡ!

ನಾನು ಬಳಸುವುದು ನುಡಿಯವರ ವಿನ್ಯಾಸ, ಅಂದರೆ ಕೆ.ಪಿ. ರಾವ್ ಅವರು ರೂಪಿಸಿ, ಮುಂದೆ ರಾಜ್ಯ ಸರ್ಕಾರ ಒಪ್ಪಿಕೊಂಡದ್ದು. ನಿಜಕ್ಕೂ ಚಂದದ ಯೋಚನೆ ಅದು. 'ಕನ್ನಡ' ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದೇ ಕೀಲಿ. ಒತ್ತು ಕೊಡುವ ಹಲಂತ ಇರುವುದು 'ಎಫ್'ನಲ್ಲಿ, ಅಂದರೆ ಎಡ ತೋರುಬೆರಳು ಸುಮ್ಮನೆ ಕೂತಿರುವ ಜಾಗದಲ್ಲೇ. ಅಲ್ಲೊಂದು ಸಣ್ಣ ಗೀರು ಕೂಡ ಇರುತ್ತೆ, ಮುಟ್ಟಿ ನೋಡಿ. ಒತ್ತಕ್ಷರ ತುಂಬಿ ತುಳುಕುವ ನಮ್ಮ ಭಾಷೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ?

ಆದರೆ ದೀರ್ಘಗಳು? 'ಮಾ', 'ರೀ', 'ಕೂ', 'ಹೇ', 'ಬೋ' ಎಲ್ಲದಕ್ಕೂ ಶಿಫ್ಟ್. ಮಹಾಪ್ರಾಣಕ್ಕೆ ಶಿಫ್ಟ್. 'ಣ', 'ಳ', 'ಶ' ಮೂರಕ್ಕೂ ಶಿಫ್ಟ್. ಇಂಗ್ಲಿಷಿನಲ್ಲಿ ವಾಕ್ಯಕ್ಕೆ ಒಂದೆರಡು ಸಲ ಒತ್ತುವ ಕೀಲಿಯನ್ನು ಕನ್ನಡದಲ್ಲಿ ಪದಕ್ಕೊಂದು ಸಲ ಒತ್ತಬೇಕು. 'ಮಾತಾಡೋಣ' ಅನ್ನುವ ಒಂದೇ ಪದಕ್ಕೆ ನಾಲ್ಕು ಸಲ, ಎಣಿಸಿ ನೋಡಿ! ಇದರಲ್ಲಿ ವಿನ್ಯಾಸದ ತಪ್ಪೇನೂ ಇಲ್ಲ. 26 ಅಕ್ಷರದ ಊರಿನಲ್ಲಿ ಕನ್ನಡದಷ್ಟು ದೊಡ್ಡ ಕುಟುಂಬ ಬಾಡಿಗೆಗೆ ಬಂದರೆ ಮಹಡಿ ಮನೆ ಹತ್ತಲೇಬೇಕು. ಇನ್‌ಸ್ಕ್ರಿಪ್ಟ್ ಬೇರೆ ದಾರಿ ಹಿಡಿದಿದೆ. ಎಡಗೈಗೆ ಸ್ವರ, ಬಲಗೈಗೆ ಹೆಚ್ಚಿನ ವ್ಯಂಜನ. ದೀರ್ಘದ ಗುಣಿತಕ್ಕೆ ಶಿಫ್ಟ್ ಬೇಡ. ಆದರೆ ಕೀಲಿಯ ಮೇಲಿನ ಇಂಗ್ಲಿಷ್ ಅಕ್ಷರಕ್ಕೂ ಅದಕ್ಕೂ ಸಂಬಂಧ ಇಲ್ಲ, ಹೊಸದಾಗಿ ಕಲಿಯಬೇಕು. ಅಲ್ಲಿಗೆ ಡ್ವೋರಾಕನ ಕಥೆಯೇ ಮತ್ತೆ.

ಇದನ್ನೆಲ್ಲ ಹಬ್ಬಕ್ಕೆ ಮನೆಗೆ ಬಂದಿದ್ದ ದೊಡ್ಡಮ್ಮನ ಮುಂದೆ ದೊಡ್ಡ ಸಂಶೋಧನೆ ಮಾಡಿದವನ ಹಾಗೆ ಹೇಳಿದೆ. ಅವರು ಕನ್ನಡಕ ಏರಿಸಿ, "ಎಲ್ಲಿ, ಟೈಪ್ ಮಾಡು ನೋಡೋಣ" ಅಂದರು. ಎರಡು ಸಾಲು ಮಾಡಿದೆ.

"ಅಯ್ಯೋ ಪುಟ್ಟಾ, ಎಲ್ಲಾದಕ್ಕೂ ಎಡಗಡೆ ಶಿಫ್ಟೇ ಒತ್ತುತೀಯಲ್ಲೋ! ಬಲಗಡೆ ಒಂದು ಇಟ್ಟಿರೋದು ಯಾಕೆ, ಅಂದಕ್ಕಾ?"

"ಅಭ್ಯಾಸ ದೊಡ್ಡಮ್ಮ..."

"ಎಡಗೈ ಅಕ್ಷರಕ್ಕೆ ಬಲಗಡೆ ಶಿಫ್ಟು, ಬಲಗೈ ಅಕ್ಷರಕ್ಕೆ ಎಡಗಡೆ ಶಿಫ್ಟು. ಇನ್‌ಸ್ಟಿಟ್ಯೂಟಲ್ಲಿ ನಮ್ಮ ಮೇಷ್ಟ್ರು ಸ್ಕೇಲಲ್ಲಿ ಹೊಡೆದು ಕಲಿಸಿದ್ರು. ಇಂಜಿನಿಯರಿಂಗಲ್ಲಿ ಇದನ್ನೇ ಹೇಳಿಕೊಡಲಿಲ್ವಾ?"

ಹೇಳಿಕೊಡಲಿಲ್ಲ. ಆಕಾರ ದೀರ್ಘ ಇರುವುದು 'ಎ' ಕೀಲಿಯಲ್ಲಿ, ಅದು ಎಡ ಕಿರುಬೆರಳಿನದೇ. ಅದೇ ಬೆರಳಲ್ಲಿ ಶಿಫ್ಟ್ ಹಿಡಿದು, ಪಕ್ಕದ ಬೆರಳನ್ನು ಅದರ ಮೇಲಿಂದ ತಿರುಚಿ 'ಎ' ಒತ್ತುತ್ತಿದ್ದೆ. ಒಂದೊಂದು 'ಆ'ಕಾರಕ್ಕೂ ಮಣಿಕಟ್ಟು ಹೊರಕ್ಕೆ ತಿರುಗುತ್ತಿತ್ತು. ಎಷ್ಟೋ ವರ್ಷದಿಂದ, ಎಷ್ಟು ಸಾವಿರ 'ಆ'ಕಾರ! ಕೀಬೋರ್ಡಿನ ತಪ್ಪು ಅರ್ಧ, ನನ್ನದು ಅರ್ಧ. ಮೆಕ್‌ಗರಿನ್ ಕಾಲದಿಂದ ಟೈಪಿಂಗ್ ಶಾಲೆಗಳು ಬೆಳೆಸಿಕೊಂಡು ಬಂದಿದ್ದ ಶಿಸ್ತು ನಮ್ಮ ತಲೆಮಾರಿನ ಹೊತ್ತಿಗೆ ಎಲ್ಲೋ ಕಳೆದುಹೋಯಿತು. 2009ರಲ್ಲಿ ಗೋದ್ರೆಜ್ ಟೈಪ್‌ರೈಟರ್ ಮಾಡುವುದು ನಿಲ್ಲಿಸಿದಾಗ ಯಂತ್ರ ಹೋಯಿತು ಅಂತ ನಾವು ಮರುಗಿದೆವು. ಬೆರಳಿಗೆ ಗೊತ್ತಿದ್ದ ವಿದ್ಯೆಯೂ ಅದರ ಜೊತೆ ಹೋಯಿತು ಅಂತ ಯಾರಿಗೂ ಅನ್ನಿಸಲಿಲ್ಲ.

ಕೊನೆಗೆ ಏನು ಕೊಂಡೆ?

ಫುಲ್ ಸೈಜ್, ಉದ್ದನೆಯ ಎಡ ಶಿಫ್ಟ್ ಇರುವ ಅಮೆರಿಕನ್ ಮಾದರಿ, ಕಂದು ಸ್ವಿಚ್, ದೀಪಗೀಪ ಇಲ್ಲ. ನೀವೂ ಕೊಳ್ಳುವ ಯೋಚನೆಯಲ್ಲಿದ್ದರೆ ನನಗೆ ತಿಳಿದಷ್ಟು ಹೇಳ್ತೀನಿ.

ಮೊದಲು ಎಡ ಶಿಫ್ಟ್ ನೋಡಿ. ಕನ್ನಡ ಬರೆಯುವವರಿಗೆ ಅದೇ ಮುಖ್ಯ. ಆಮೇಲೆ ಅಕ್ಷರದ ಕೀಲಿಗಳ ನಡುವಿನ ಅಂತರ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಸುಮಾರು 19 ಮಿಲಿಮೀಟರ್ ಇರಬೇಕು, ಅದು ಮುಕ್ಕಾಲು ಇಂಚಿನ ಹಳೇ ಅಳತೆ. ಮೂರನೆಯದು, ತಳ ಮುಟ್ಟುವ ಮೊದಲೇ ಅಕ್ಷರ ಬೀಳುತ್ತಾ ಅಂತ ಒತ್ತಿ ನೋಡಿ. ಹಲಗೆ ಮೇಜಿನ ಮೇಲೆ ಜಾರದಷ್ಟು ಭಾರ ಇರಲಿ. ಹಿಂಭಾಗದ ಪುಟ್ಟ ಕಾಲುಗಳನ್ನು ಎತ್ತಲೇಬೇಡಿ. ಎತ್ತಿದರೆ ಅಂಗೈ ಹಿಂದಕ್ಕೆ ಬಾಗಿ ಮಣಿಕಟ್ಟಿಗೆ ಆಯಾಸ. ಇನ್ನು ಅಂಕಿಗಳ ಗುಂಪು. ಲೆಕ್ಕ ಹಾಕುವ ಯಂತ್ರದಿಂದ ಬಂದ ನೆಂಟ ಅದು, ಅದಕ್ಕೇ 7-8-9 ಮೇಲಿದೆ. ಫೋನಿನಲ್ಲಿ 1-2-3 ಮೇಲಿರುವುದು ಬೆಲ್ ಲ್ಯಾಬ್ಸ್‌ನವರು ಬೇರೆಯಾಗಿ ಪರೀಕ್ಷೆ ಮಾಡಿ ಇಟ್ಟದ್ದು. ಎಕ್ಸೆಲ್ ಕೆಲಸ ಇದ್ದರೆ ಆ ಗುಂಪು ಬೇಕೇ ಬೇಕು. ಇಲ್ಲದಿದ್ದರೆ ಅದರಿಂದ ಮೌಸ್ ದೂರ ಹೋಗಿ ಭುಜ ಎಳೆಯುತ್ತೆ. ಇಟ್ಟುಕೊಳ್ಳುವುದಾದರೆ ಹಲಗೆಯ ನಡುವಿಗಲ್ಲ, 'ಬಿ' ಕೀಲಿಗೆ ಎದೆ ನೇರ ಬರುವ ಹಾಗೆ ಕೂತುಕೊಳ್ಳಿ. ಕ್ಯಾಪ್ಸ್ ಲಾಕನ್ನು ಕಂಟ್ರೋಲ್ ಮಾಡಿಕೊಳ್ಳಲು ಸೆಟ್ಟಿಂಗ್ಸಿನಲ್ಲೇ ದಾರಿ ಇದೆ ಅಥವಾ ಪುಟ್ಟ ತಂತ್ರಾಂಶ ಸಿಗುತ್ತದೆ.

2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ 'ಕೋಪೈಲಟ್' ಅನ್ನುವ ಹೊಸ ಕೀಲಿ ಘೋಷಿಸಿತು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ಕೂತದ್ದು ಬಲಗಡೆ ಕಂಟ್ರೋಲ್ ಅಥವಾ ಮೆನು ಕೀಲಿಯ ಜಾಗದಲ್ಲಿ. ನೂರು ವರ್ಷದ ಮೇಲೆ ನಮ್ಮಂಥ ಯಾರೋ ಒಬ್ಬ, ಈ ಕೀಲಿ ಇಲ್ಲಿ ಯಾಕೆ ಕೂತಿದೆ ಅಂತ ತಲೆ ಕೆರೆದುಕೊಳ್ಳುತ್ತಾನೇನೋ. ಅವನಿಗೂ ಒಬ್ಬ ದೊಡ್ಡಮ್ಮ ಇರಲಿ.

ಈ ಬರಹವನ್ನು ಪೂರ್ತಿ ಬಲಗಡೆ ಶಿಫ್ಟ್ ಅಭ್ಯಾಸ ಮಾಡುತ್ತಲೇ ಕುಟ್ಟಿದೆ. ಮೂರು ದಿನ ಹಿಡಿಯಿತು, ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಇವತ್ತು ಬೆಳಿಗ್ಗೆ ಕಾಫಿ ಲೋಟ ಎತ್ತುವಾಗ ಚುಳ್ ಅನ್ನಲಿಲ್ಲ.

ನೀವು ಕನ್ನಡ ಹೇಗೆ ಕುಟ್ಟುತ್ತೀರಿ? ಯಾವ ಬೆರಳು, ಯಾವ ಶಿಫ್ಟ್? ಒಂದು ಸಲ ಕೆಳಗೆ ನೋಡಿಕೊಂಡು ಬಂದು ಹೇಳಿ :-)